ಶುಗರ್ ಇರುವವರು ಡಾಕ್ಟರ ಹತ್ತಿರ ಹೋಗುವ ಮುಂಚೆ

ಅಪಾಯಿಂಟ್‌ಮೆಂಟ್‌ಗೆ ಇನ್ನು ನಾಲ್ಕು ದಿನ ಇದೆ ಅನ್ನುವಾಗ ಸಿಹಿ ಬಿಡುವುದು, ಎರಡು ಹೊತ್ತು ವಾಕಿಂಗ್ ಹೋಗುವುದು, ರಾತ್ರಿ ಊಟ ಅರ್ಧಕ್ಕೆ ಇಳಿಸುವುದು. ಇದನ್ನು ಮಾಡದವರು ಯಾರಿದ್ದಾರೆ ಹೇಳಿ. ನಾನೂ ಮಾಡಿದ್ದೇನೆ. ಖಾಲಿ ಹೊಟ್ಟೆಯ ಶುಗರ್ ಚೆನ್ನಾಗಿ ಬಂತು ಎಂದು ಬೀಗಿಕೊಂಡು ಹೋದರೆ, ಎಚ್‌ಬಿಎ1ಸಿ ಅನ್ನುವ ರಕ್ತ ಪರೀಕ್ಷೆ ಎಲ್ಲವನ್ನೂ ಬಾಯಿಬಿಟ್ಟಿತ್ತು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟು ದಿನವೂ ಸಕ್ಕರೆ ಅದಕ್ಕೆ ಅಂಟುತ್ತಾ ಹೋಗುತ್ತದೆ. ಆ ಪರೀಕ್ಷೆ ತೋರಿಸುವುದು ಹಿಂದಿನ ಎರಡು ಮೂರು ತಿಂಗಳ ಸರಾಸರಿ. ನಾಲ್ಕು ದಿನದ ಪಥ್ಯಕ್ಕೆ ಅದು ಬಗ್ಗುವುದಿಲ್ಲ.

ಸಿಕ್ಕಿಬೀಳುವುದು ದೊಡ್ಡ ವಿಷಯವಲ್ಲ ಬಿಡಿ. ಅಪಾಯ ಬೇರೆ ಕಡೆ ಇದೆ. ವಾರದಲ್ಲಿ ಮೂರು ದಿನ ಮಾತ್ರೆ ಮರೆತಿರುತ್ತೀರಿ, ಹೇಳಲು ಮುಜುಗರ, ಡಾಕ್ಟರ್ ಪಾಪ ಈ ಡೋಸ್ ಸಾಲುತ್ತಿಲ್ಲ ಎಂದುಕೊಂಡು ಜಾಸ್ತಿ ಮಾಡುತ್ತಾರೆ, ನೀವು ಹೆದರಿ ಮರುದಿನದಿಂದ ಒಂದೂ ಬಿಡದೆ ನುಂಗುತ್ತೀರಿ. ಇನ್ಸುಲಿನ್ ಅಥವಾ ಇನ್ಸುಲಿನ್ ಹೆಚ್ಚಿಸುವ ಮಾತ್ರೆ ಆಗಿದ್ದರೆ ಶುಗರ್ ಇದ್ದಕ್ಕಿದ್ದಂತೆ ಕುಸಿಯಬಹುದು. ಹಾಗಾಗಿ ಎಷ್ಟು ಡೋಸ್ ತಪ್ಪಿದೆ, ಯಾಕೆ ತಪ್ಪಿತು, ಅದನ್ನೇ ಮೊದಲು ಬರೆದಿಟ್ಟುಕೊಳ್ಳಿ. ದುಡ್ಡು ಸಾಲದೆ ಬಿಟ್ಟಿದ್ದರೆ ಅದನ್ನೂ ಹೇಳಿ, ಕಡಿಮೆ ಬೆಲೆಯದ್ದಕ್ಕೆ ಬದಲಾಯಿಸಲು ಆಗಬಹುದು.

ಹೋಗುವ ಹಿಂದಿನ ವಾರ ಎಂದಿನ ಹಾಗೇ ಇರಿ. ಮೀಟರ್ ಇದ್ದರೆ, ಬೇರೆ ಥರ ಹೇಳಿರದಿದ್ದರೆ, ಮೂರು ದಿನ ಜೋಡಿಯಾಗಿ ನೋಡಿ: ಒಂದು ಊಟಕ್ಕೆ ಮುಂಚೆ, ಅದೇ ಊಟ ಶುರು ಮಾಡಿ ಎರಡು ಗಂಟೆಯಾದ ಮೇಲೆ. ಇವತ್ತು ಬೆಳಗಿನದು, ನಾಳೆ ಮಧ್ಯಾಹ್ನದ್ದು, ನಾಡಿದ್ದು ರಾತ್ರಿಯದು. ಜೊತೆಗೆ ಮಲಗುವಾಗ ಮತ್ತು ಎದ್ದ ಕೂಡಲೇ. ಯಾಕೆ ಇಷ್ಟೆಲ್ಲಾ ಅಂದರೆ, ಬೆಳಿಗ್ಗೆ 170 ಇತ್ತು ಅಂತ ಮಾತ್ರ ಹೇಳಿದರೆ ಅವರಿಗೆ ಅರ್ಧ ಕಥೆ ಸಿಕ್ಕಂತೆ. ಮಲಗುವಾಗಲೇ 170 ಇತ್ತಾ, ಇಲ್ಲಾ 120 ಇದ್ದದ್ದು ಬೆಳಗಾಗುವಷ್ಟರಲ್ಲಿ ಏರಿತಾ? ಮೊದಲನೆಯದಾದರೆ ರಾತ್ರಿ ಊಟದ ಕಡೆ ನೋಡಬೇಕು. ಎರಡನೆಯದಾದರೆ ನಸುಕಿನಲ್ಲಿ ಲಿವರ್ ಬಿಡುವ ಸಕ್ಕರೆಯ ಕಡೆ. ಎರಡಕ್ಕೂ ಔಷಧಿ ಬದಲಾವಣೆ ಒಂದೇ ಅಲ್ಲ. ಕೈ ತೊಳೆದು ಒರೆಸಿಕೊಂಡು ಚುಚ್ಚಿ, ಹಣ್ಣು ಹೆಚ್ಚಿದ ಬೆರಳಾದರೆ ಸುಮ್ನೆ ಜಾಸ್ತಿ ತೋರಿಸುತ್ತದೆ. ಮೀಟರಿನ ದಿನಾಂಕ, ಗಂಟೆ ಸರಿ ಇದೆಯಾ ನೋಡಿಕೊಂಡು ಅದನ್ನೇ ತೆಗೆದುಕೊಂಡು ಹೋಗಿ.

ಶುಗರ್ ಲೋ ಆದದ್ದನ್ನು ಬೇರೆಯಾಗಿ ಬರೆಯಿರಿ. 70ಕ್ಕಿಂತ ಕೆಳಗೆ ಹೋದದ್ದು ಯಾವಾಗ, ಅದಕ್ಕೆ ಮುಂಚೆ ಏನಾಗಿತ್ತು (ಊಟ ತಡವಾಯಿತಾ, ಜಾಸ್ತಿ ನಡೆದಿರಾ), ಏನು ತಿಂದ ಮೇಲೆ ಸರಿಹೋಯಿತು. ರಾತ್ರಿ ಬೆವರಿ ಎಚ್ಚರವಾಗುವುದು, ಬೆಳಿಗ್ಗೆ ತಲೆನೋವಿನಲ್ಲೇ ಏಳುವುದು ಕೂಡ ಇದರ ಗುರುತಾಗಿರಬಹುದು. ಹೆಚ್ಚಿನವರು ಜಾಸ್ತಿ ಬಂದದ್ದನ್ನು ಹೇಳುತ್ತಾರೆ, ಲೋ ಆದದ್ದನ್ನು ಮರೆಯುತ್ತಾರೆ. ಡೋಸ್ ಹೆಚ್ಚಿಸಬೇಕಾ ಬೇಡವಾ ಅನ್ನುವುದಕ್ಕೆ ಲೋ ಆದದ್ದೇ ಮುಖ್ಯ. 54ಕ್ಕಿಂತ ಕೆಳಗೆ ಹೋಗಿದ್ದರೆ, ಅಥವಾ ಬೇರೆಯವರು ಎಬ್ಬಿಸಿ ಸಿಹಿ ಕೊಡಬೇಕಾಗಿ ಬಂದಿದ್ದರೆ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಅವತ್ತೇ ಫೋನ್ ಮಾಡಿ.

ರಕ್ತ ಪರೀಕ್ಷೆ ಮುಂಚೆಯೇ ಮಾಡಿಸಿ ರಿಪೋರ್ಟ್ ಹಿಡಿದು ಹೋಗಬೇಕಾ ಎಂದು ಫೋನ್ ಮಾಡಿ ಕೇಳಿ. ಎಚ್‌ಬಿಎ1ಸಿಗೆ ಉಪವಾಸ ಬೇಡ. ಫಾಸ್ಟಿಂಗ್ ಶುಗರ್‌ಗೆ ಕನಿಷ್ಠ 8 ಗಂಟೆ ಏನೂ ತಿನ್ನಬಾರದು, ನೀರು ಕುಡಿಯಬಹುದು. ಆ ಬೆಳಿಗ್ಗೆ ಇನ್ಸುಲಿನ್ ಅಥವಾ ಮಾತ್ರೆ ಏನು ಮಾಡಬೇಕು ಅನ್ನುವುದನ್ನು ಮಾತ್ರ ಊಹಿಸಬೇಡಿ, ಹಿಂದಿನ ದಿನವೇ ಕೇಳಿ. ಜೇಬಿನಲ್ಲಿ ಸ್ವಲ್ಪ ಸಿಹಿ ಇರಲಿ. ಊಟದ ನಂತರದ ಪರೀಕ್ಷೆಗೆ ಎಂದಿನ ಊಟ, ಎಂದಿನ ಔಷಧಿ, ಮೊದಲ ತುತ್ತಿನಿಂದ ಎರಡು ಗಂಟೆ ಲೆಕ್ಕ. ರಕ್ತಹೀನತೆ ಇದ್ದರೆ ಅಥವಾ ಇತ್ತೀಚೆಗೆ ರಕ್ತ ಕೊಟ್ಟಿದ್ದರೆ, ಹಾಕಿಸಿಕೊಂಡಿದ್ದರೆ ಹೇಳಿ, ಎಚ್‌ಬಿಎ1ಸಿ ತಪ್ಪು ತೋರಿಸಬಹುದು.

ಔಷಧಿಗಳ ಹೆಸರು ನೆನಪಿನಿಂದ ಹೇಳಲು ಹೋಗಬೇಡಿ. 'ಆ ಬಿಳಿ ಮಾತ್ರೆ, ಸಣ್ಣದು' ಅಂದರೆ ಯಾರಿಗೆ ಗೊತ್ತಾಗುತ್ತದೆ! ಎಲ್ಲಾ ಸ್ಟ್ರಿಪ್‌ಗಳನ್ನು ಒಂದು ಚೀಲಕ್ಕೆ ಹಾಕಿಕೊಳ್ಳಿ. ನೋವಿನ ಮಾತ್ರೆ, ಗಿಡಮೂಲಿಕೆ ಪುಡಿ, ವಿಟಮಿನ್, ಎಲ್ಲವೂ. ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡಿದ್ದರೆ ಅದನ್ನು ಹೇಳಲೇಬೇಕು, ಕೆಲವು ದಿನ ಶುಗರ್ ಏರಿದ್ದಕ್ಕೆ ಅದೇ ಕಾರಣ ಇರಬಹುದು. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ವರ್ಷಗಟ್ಟಲೆ ತೆಗೆದುಕೊಳ್ಳುತ್ತಿದ್ದು ಪಾದ ಜೋಮು ಹಿಡಿಯುತ್ತಿದ್ದರೆ ರಕ್ತದಲ್ಲಿ ವಿಟಮಿನ್ ಬಿ12 ನೋಡಬೇಕಾ ಎಂದು ಕೇಳಿ. ಇನ್ಸುಲಿನ್ ಚುಚ್ಚುವ ಜಾಗದಲ್ಲಿ ಗಂಟು ಗಂಟಾಗಿದ್ದರೆ ತೋರಿಸಿ. ಅಲ್ಲೇ ಚುಚ್ಚುತ್ತಾ ಹೋದರೆ ಔಷಧಿ ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಸುಲಭವಾಗಿ ಬಿಚ್ಚುವ ಚಪ್ಪಲಿ ಹಾಕಿಕೊಂಡು ಹೋಗಿ. ಹಿಂದಿನ ರಾತ್ರಿ ಕನ್ನಡಿ ಹಿಡಿದು ಅಂಗಾಲು, ಬೆರಳ ಸಂದಿ ನೋಡಿಕೊಳ್ಳಿ. ಪಾದ, ಕಣ್ಣಿನ ರೆಟಿನಾ, ಕಿಡ್ನಿ ಹೇಗಿದೆ ಎಂದು ತಿಳಿಯಲು ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್: ಇವು ಸಾಮಾನ್ಯವಾಗಿ ವರ್ಷಕ್ಕೊಮ್ಮೆಯಾದರೂ ಆಗಬೇಕು, ಕೊನೆಯ ಬಾರಿ ಯಾವಾಗ ಆಯಿತು ಬರೆದುಕೊಳ್ಳಿ. ಕಣ್ಣಿಗೆ ಡ್ರಾಪ್ಸ್ ಹಾಕುವ ದಿನ ಗಾಡಿ ಓಡಿಸಬೇಡಿ, ಕೆಲವು ಗಂಟೆ ಮಂಜಾಗಿ ಕಾಣುತ್ತದೆ.

ಪ್ರಶ್ನೆಗಳು ಹತ್ತು ಇರಬಹುದು, ಸಮಯ ಇರುವುದಿಲ್ಲ. ಮುಖ್ಯವಾದ ಮೂರನ್ನು ಮೇಲೆ ಬರೆದು, ಕೂತ ಕೂಡಲೇ ಕೇಳಿ. ಎದ್ದು ಬಾಗಿಲ ಹತ್ತಿರ ಹೋದ ಮೇಲೆ 'ಇನ್ನೊಂದು ವಿಷಯ ಡಾಕ್ಟರೇ' ಅನ್ನುವುದಿದೆಯಲ್ಲಾ, ಸಾಮಾನ್ಯವಾಗಿ ಅದೇ ನಿಜವಾದ ವಿಷಯ ಆಗಿರುತ್ತದೆ. ಲೈಂಗಿಕ ತೊಂದರೆ, ಅಲ್ಲಿ ತುರಿಕೆ, ಯಾವುದೂ ಬೇಡ ಅನ್ನಿಸುವ ಮನಸ್ಸು: ಹೇಳಲು ಆಗದಿದ್ದರೆ ಚೀಟಿ ಬರೆದು ಕೈಗೆ ಕೊಡಿ, ಅವರಿಗೇನೂ ಹೊಸದಲ್ಲ.

ಹೊಸ ಡೋಸ್ ಕೊಟ್ಟರೆ ಏಳುವ ಮುಂಚೆ ನೀವೇ ಒಮ್ಮೆ ಹೇಳಿ ತೋರಿಸಿ: ಯಾವುದು, ಎಷ್ಟು, ಊಟಕ್ಕೆ ಮುಂಚೆಯೋ ನಂತರವೋ, ಹಳೆಯದರಲ್ಲಿ ಯಾವುದನ್ನು ನಿಲ್ಲಿಸಬೇಕು. ವಾಂತಿ, ಜ್ವರ ಬಂದು ಊಟ ಸೇರದ ದಿನ ಏನು ಮಾಡಬೇಕು ಎಂದೂ ಆಗಲೇ ಕೇಳಿಬಿಡಿ.