ಮೈಗ್ರೇನ್ ಔಷಧ ಕೊಡುವ ಮುಂಚೆ ನಾನು ಕೇಳುವುದು

ಮೈಗ್ರೇನ್ ಅಂತ ತಲೆ ಹಿಡ್ಕೊಂಡು ಬಂದವರಿಗೆ ಮೊದಲು ಲೈಟ್ ಆರಿಸುತ್ತೇನೆ. ವಾಂತಿಗೆ ಒಂದು ಟ್ರೇ ಪಕ್ಕಕ್ಕಿಡುತ್ತೇನೆ. ಬಿಪಿ, ನಾಡಿ ನೋಡಿದ ಮೇಲೆ ಪ್ರಶ್ನೆಗಳು ಶುರು. ನೋವಿನಲ್ಲಿರುವವರಿಗೆ ಅದು ಕಿರಿಕಿರಿ, ಗೊತ್ತು. ಆದರೂ ಬಿಡುವುದಿಲ್ಲ.

"ಈಗಾಗಲೇ ಏನಾದ್ರೂ ತಗೊಂಡ್ರಾ?" ಅಂದರೆ "ಸುಮ್ನೆ ಒಂದು ತಲೆನೋವಿನ ಮಾತ್ರೆ" ಅನ್ನುವವರೇ ಜಾಸ್ತಿ. ನನಗೆ ಅಷ್ಟು ಸಾಲದು, ಸ್ಟ್ರಿಪ್ ತೋರಿಸಿ ಅನ್ನುತ್ತೇನೆ. ಒಬ್ಬರು ಪರ್ಸಿನಿಂದ ತೆಗೆದುಕೊಟ್ಟ ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಪ್ಯಾರಸಿಟಮಾಲ್, ಕೆಫೀನ್, ಜೊತೆಗೆ ಎರ್ಗೋಟಮಿನ್ ಇತ್ತು. ಬೆಳಿಗ್ಗೆಯಷ್ಟೇ ನುಂಗಿದ್ದರು. ಎರ್ಗೋಟಮಿನ್ ಕೂಡ ನಾವು ಮೈಗ್ರೇನಿಗೆ ಕೊಡುವ ಸುಮಾಟ್ರಿಪ್ಟಾನ್ ಹಾಗೆ ರಕ್ತನಾಳ ಬಿಗಿ ಮಾಡುತ್ತದೆ. ಎರಡರ ನಡುವೆ 24 ಗಂಟೆಯಾದರೂ ಬಿಡಬೇಕು. ಡಾಕ್ಟರಿಗೆ ತೋರಿಸಿದೆ, ಸುಮಾಟ್ರಿಪ್ಟಾನ್ ಬದಲು ವಾಂತಿ ತಡೆಯುವ, ಮೈಗ್ರೇನಿಗೂ ಕೊಡುವ ಮೆಟೊಕ್ಲೋಪ್ರಮೈಡ್ ಐವಿ, ಅಂದರೆ ರಕ್ತನಾಳಕ್ಕೆ ಕೊಡುವ ಇಂಜೆಕ್ಷನ್, ಬರೆದರು. ಅದನ್ನು ನಿಧಾನವಾಗಿಯೇ ಕೊಡಬೇಕು. ಅವಸರದಲ್ಲಿ ತಳ್ಳಿದರೆ ಕೂತಲ್ಲಿ ಕೂರಲಾಗದ ಚಡಪಡಿಕೆ ಹಿಡಿಯುತ್ತದೆ.

ಹೃದಯದ ತೊಂದರೆ, ಸ್ಟ್ರೋಕ್, ಹತೋಟಿಗೆ ಬಾರದ ಬಿಪಿ, ಇವುಗಳಲ್ಲಿ ಒಂದಿದ್ದರೂ ಟ್ರಿಪ್ಟಾನ್ (ಸುಮಾಟ್ರಿಪ್ಟಾನ್ ಗುಂಪಿನ ಔಷಧ) ಬೇಡ. ಖಿನ್ನತೆಯ ಮಾತ್ರೆ ತಗೊಳ್ಳುತ್ತಿದ್ದರೆ, ಅದು ಟ್ರಿಪ್ಟಾನ್ ಜೊತೆ ಸೇರಿ ತೊಂದರೆ ಕೊಡಬಹುದು ಅಂತ, ನಡುಕ, ಬೆವರು, ಜ್ವರ, ಗೊಂದಲ ಕಾಣುತ್ತದಾ ಅಂತ ಕಣ್ಣಿಡುತ್ತೇನೆ. ಗರ್ಭಿಣಿಯರಿಗೆ ಎರ್ಗೋಟಮಿನ್ ಕೊಡುವಂತೆಯೇ ಇಲ್ಲ. ಇನ್ನು "ಇಂಥ ನೋವು ಹಿಂದೆಂದೂ ಬಂದಿಲ್ಲ, ಒಮ್ಮೆಗೇ ಸಿಡಿದ ಹಾಗಾಯ್ತು" ಅಂದರೆ ಮೈಗ್ರೇನ್ ಮಾತು ಅಲ್ಲಿಗೇ ನಿಲ್ಲಿಸಿ ಡಾಕ್ಟರನ್ನು ಕರೆಯುತ್ತೇನೆ.

ಸುಮಾಟ್ರಿಪ್ಟಾನ್ ಇಂಜೆಕ್ಷನ್ 6 ಮಿಗ್ರಾಂ, ಚರ್ಮದ ಕೆಳಗೆ. ಚುಚ್ಚುವ ಮುಂಚೆಯೇ ಹೇಳಿಬಿಡುತ್ತೇನೆ: "ಮೈ ಬಿಸಿಯಾದ ಹಾಗೆ, ಕುತ್ತಿಗೆ, ದವಡೆ ಬಿಗಿದ ಹಾಗೆ ಅನ್ನಿಸಬಹುದು. ಸ್ವಲ್ಪ ಹೊತ್ತಿಗೆ ಹೋಗುತ್ತೆ." ಹೇಳದಿದ್ದರೆ ಹಾರ್ಟ್ ಅಟ್ಯಾಕೇ ಆಯ್ತು ಅಂತ ಗಾಬರಿಬೀಳುತ್ತಾರೆ. ಹಾಗಂತ ಎದೆ ಹಿಡಿದಿದೆ ಅಂದಾಗ "ಅದು ಮಾಮೂಲಿ" ಅಂತ ನಾನು ಹೇಳುವುದಿಲ್ಲ. ಬಿಪಿ ನೋಡಿ, ಇಸಿಜಿಗೆ ಡಾಕ್ಟರನ್ನು ಕೇಳುತ್ತೇನೆ.

ಸುಮಾಟ್ರಿಪ್ಟಾನ್ ಮಾತ್ರೆ ಕೊಟ್ಟು ಮನೆಗೆ ಕಳಿಸುವಾಗ ಹೇಳುವುದು ಇಷ್ಟು. ನೋವು ಇನ್ನೂ ಸಣ್ಣದಿರುವಾಗಲೇ ನುಂಗಿ. ನೋವು ಹೋಗಿ ಮತ್ತೆ ಬಂದರೆ ಇನ್ನೊಂದಕ್ಕೆ 2 ಗಂಟೆ ಕಾಯಿರಿ. ನುಂಗಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಟ್ರಿಪ್ಟಾನ್ ತಿಂಗಳಿಗೆ 10 ದಿನ ಮುಟ್ಟಿತೆಂದರೆ ಆ ಮಾತ್ರೆಯಿಂದಲೇ ತಲೆನೋವು ಶುರುವಾಗಬಹುದು. ಆಗ ಆ ಕ್ಯಾಲೆಂಡರ್ ಹಿಡ್ಕೊಂಡೇ ಡಾಕ್ಟರ ಹತ್ತಿರ ಬನ್ನಿ.