ನೋವಿಲ್ಲದ ಕೈಗೆ ಆಪರೇಷನ್

ಮೊಣಕೈ ನರದ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಅಂದಾಗ ಮನೆಯಲ್ಲಿ, ಅಂಗಡಿಯಲ್ಲಿ, ಊರಿಂದ ಬಂದ ಫೋನಿನಲ್ಲಿ ಎಲ್ಲರೂ ಕೇಳಿದ್ದು ಒಂದೇ: ಅಷ್ಟು ನೋವಿದೆಯಾ? ನೋವು ಇರಲಿಲ್ಲ. ಇದ್ದಿದ್ದರೆ ಅವರನ್ನು ಒಪ್ಪಿಸುವ ಕೆಲಸ ಅರ್ಧ ಕಡಿಮೆಯಾಗುತ್ತಿತ್ತು. ಬಲಗೈಯ ಬಲ ದಿನದಿನಕ್ಕೆ ಸೋರಿ ಹೋಗುತ್ತಿತ್ತು, ಅದು ಹೊಲಿಗೆ ಕೆಲಸದ ನನಗೆ ಗೊತ್ತಾಗುತ್ತಿತ್ತು, ನೋಡುವವರಿಗೆ ಏನೂ ಕಾಣುತ್ತಿರಲಿಲ್ಲ.

ಮುಂಬೈ ಹತ್ತಿರದ ಡೊಂಬಿವಲಿ ಈಸ್ಟಿನಲ್ಲಿ ನನ್ನದು ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ. ಗಿರಾಕಿಗಳಲ್ಲಿ ಅರ್ಧದಷ್ಟು ಉಡುಪಿ, ಕುಂದಾಪುರ, ಮಂಗಳೂರು ಕಡೆಯವರು, ಉಳಿದವರು ಮರಾಠಿ, ಗುಜರಾತಿ. ಕಟಿಂಗ್ ನನ್ನದು, ಮೆಷೀನಿನ ಮೇಲೆ ಒಬ್ಬ ಹುಡುಗಿ ಕೂರುತ್ತಾಳೆ. ಅಂದರೆ ಇಡೀ ಅಂಗಡಿ ನಿಂತಿರುವುದು ನನ್ನ ಬಲಗೈಯ ಕತ್ತರಿಯ ಮೇಲೆ.

ಶುರುವಾದದ್ದು ರಾತ್ರಿಯ ಜೋಮಿನಿಂದ. ಕೈ ಮಡಚಿ ಕೆನ್ನೆಯಡಿ ಇಟ್ಟು ಮಲಗುವ ಅಭ್ಯಾಸ ನನಗೆ. ನಡುರಾತ್ರಿ ಎಚ್ಚರವಾದರೆ ಕಿರುಬೆರಳು ಪೂರ್ತಿ, ಉಂಗುರ ಬೆರಳಿನಲ್ಲಿ ಕಿರುಬೆರಳ ಕಡೆಯ ಅರ್ಧ ಮಾತ್ರ ಮರಗಟ್ಟಿರುತ್ತಿತ್ತು. ಒಂದೇ ಬೆರಳಿನ ನಡುವೆ ಗೆರೆ ಎಳೆದಂತೆ ಈ ಕಡೆ ಸ್ಪರ್ಶ ಇದೆ, ಆ ಕಡೆ ಇಲ್ಲ. ಕೊಡವಿದರೆ ಸರಿಹೋಗುತ್ತಿತ್ತು. ಆಮೇಲೆ ಹಗಲಿನಲ್ಲೂ ಬಂತು: ಫೋನ್ ಕಿವಿಗಿಟ್ಟುಕೊಂಡಾಗ, ಲೋಕಲ್‌ನಲ್ಲಿ ಮೇಲಿನ ಹಿಡಿಕೆ ಹಿಡಿದು ನಿಂತಾಗ, ಕಟಿಂಗ್ ಟೇಬಲ್ಲಿನ ಅಂಚಿಗೆ ಮೊಣಕೈ ಊರಿದಾಗ. ಒಂದು ದಿನ ಇಸ್ತ್ರಿ ಪೆಟ್ಟಿಗೆ ತಾಗಿ ಕಿರುಬೆರಳ ಅಂಚಿನಲ್ಲಿ ಬೊಬ್ಬೆ ಎದ್ದಿತ್ತು. ಕಣ್ಣಿಗೆ ಬಿದ್ದ ಮೇಲೆಯೇ ಸುಟ್ಟದ್ದು ಗೊತ್ತಾದದ್ದು.

ಆದರೆ ನನ್ನನ್ನು ಡಾಕ್ಟರ ಹತ್ತಿರ ಕಳಿಸಿದ್ದು ಜೋಮಲ್ಲ, ಜಾರ್ಜೆಟ್. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಬಟ್ಟೆ ಹಿಡಿದರೆ ಜಾರತೊಡಗಿತು. ಬಿಗಿಯಾಗಿ ಹಿಡಿಯಲು ಹೋದರೆ ಹೆಬ್ಬೆರಳಿನ ತುದಿಯ ಗೆಣ್ಣು ತಾನಾಗಿ ಮಡಚಿಕೊಳ್ಳುತ್ತಿತ್ತು. ಕ್ಲಿನಿಕ್ಕಿನಲ್ಲಿ ಡಾಕ್ಟರು ಕೈಗೆ ಒಂದು ಕಾಗದ ಕೊಟ್ಟು, ಬಿಡಬೇಡಿ ಅಂತ ಎಳೆದರು. ಹೆಬ್ಬೆರಳು ಅದೇ ರೀತಿ ಮಡಚಿತು. ಇದಕ್ಕೆ ಫ್ರೋಮೆಂಟ್ ಸೈನ್ ಅನ್ನುತ್ತಾರಂತೆ, 1915ರಲ್ಲಿ ಫ್ರಾನ್ಸಿನ ವೈದ್ಯರೊಬ್ಬರು ಬರೆದಿಟ್ಟದ್ದು. ಹೆಬ್ಬೆರಳನ್ನು ಬದಿಗೆ ಒತ್ತುವ ಸ್ನಾಯುವಿಗೆ ಶಕ್ತಿ ಬರುವುದು ಇದೇ ನರದಿಂದ. ಅದು ಸೋತಾಗ ಬೇರೆ ನರದ ಸ್ನಾಯು ನೆರವಿಗೆ ಬಂದು ತುದಿ ಮಡಚುತ್ತದೆ. ನೂರು ವರ್ಷದ ಹಿಂದಿನ ಪರೀಕ್ಷೆಯನ್ನು ನಾನು ಟೇಬಲ್ಲಿನ ಮೇಲೆ ದಿನಾ ಮಾಡುತ್ತಿದ್ದೆ ಅನ್ನಿ.

ಆ ನರದ ಹೆಸರು ಅಲ್ನಾರ್. ಕುತ್ತಿಗೆಯಿಂದ ಹೊರಟು, ಮೊಣಕೈಯ ಒಳಬದಿಯ ಎಲುಬಿನ ಗಂಟಿನ ಹಿಂದೆ ಒಂದು ಇಕ್ಕಟ್ಟಾದ ಸಂದಿಯಲ್ಲಿ ನುಸುಳಿ ಕಿರುಬೆರಳವರೆಗೆ ಹೋಗುತ್ತದೆ. ಮೊಣಕೈ ಎಲ್ಲಿಗಾದರೂ ತಾಗಿದಾಗ ಜುಮ್ ಅಂತ ಕರೆಂಟ್ ಹೊಡೆಯುತ್ತದಲ್ಲ, ಅದೇ. ಲಂಗದ ನೇಫಾದಲ್ಲಿ ಲಾಡಿ ಓಡುವ ಹಾಗೆ ಅದು ಆ ಸಂದಿಯಲ್ಲಿ ಓಡಾಡುತ್ತಿರಬೇಕು. ಕೈ ಮಡಚಿದಾಗ ಸಂದಿ ಕಿರಿದಾಗುತ್ತದೆ, ನರವೂ ಎಳೆದುಕೊಳ್ಳುತ್ತದೆ. ಗಂಟೆಗಟ್ಟಲೆ ಮಡಚಿಟ್ಟರೆ, ಮೇಲಿಂದ ಊರಿದರೆ, ನರ ಒತ್ತಿಕೊಂಡು ಕುಳಿತುಬಿಡುತ್ತದೆ. ಮಣಿಕಟ್ಟಿನ ಕಾರ್ಪಲ್ ಟನಲ್ ಬಿಟ್ಟರೆ ಕೈಯಲ್ಲಿ ನರ ಒತ್ತುವ ಅತಿ ಸಾಮಾನ್ಯ ಜಾಗ ಇದೇ.

ಡಾಕ್ಟರು ಮೊದಲು ಬೇರೆ ಕಾರಣಗಳನ್ನು ಒಂದೊಂದಾಗಿ ಬದಿಗೆ ಸರಿಸಿದರು. ಕುತ್ತಿಗೆಯಲ್ಲಿ ನರ ಒತ್ತಿದ್ದರೆ ಜೋಮು ಮುಂಗೈಯ ಒಳಬದಿಗೂ ಹರಡುತ್ತದೆ, ನನ್ನದು ಮಣಿಕಟ್ಟಿನ ಹತ್ತಿರವೇ ನಿಲ್ಲುತ್ತಿತ್ತು. ಕೈಯ ಹಿಂಭಾಗದಲ್ಲೂ ಕಿರುಬೆರಳ ಕಡೆ ಸ್ಪರ್ಶ ಕಡಿಮೆ ಇತ್ತು, ಹಾಗಾಗಿ ಒತ್ತಿರುವುದು ಮಣಿಕಟ್ಟಿನಲ್ಲಿ ಅಲ್ಲ, ಅದಕ್ಕಿಂತ ಮೇಲೆ. ಸಕ್ಕರೆ, ಥೈರಾಯ್ಡ್, ಬಿ12 ನೋಡಿಸಿದರು. ಆಮೇಲೆ ಎರಡೂ ಮೊಣಕೈಗಳ ಹಿಂದೆ ಬೆರಳಾಡಿಸಿ ನರ ದಪ್ಪವಾಗಿದೆಯಾ ಅಂತ ಹುಡುಕಿದರು, ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆ ಇದೆಯಾ ಅಂತ ಕೇಳಿದರು. ಯಾಕೆ ಅಂದೆ. ಕುಷ್ಠದಲ್ಲೂ ಇದೇ ನರ, ಇದೇ ಜಾಗದಲ್ಲಿ ದಪ್ಪವಾಗುತ್ತದೆ, ನಮ್ಮ ದೇಶದಲ್ಲಿ ಅದನ್ನು ನೋಡದೆ ಮುಂದೆ ಹೋಗಬಾರದು, ಅದಕ್ಕೆ ಮಾತ್ರೆಯ ಚಿಕಿತ್ಸೆ ಇದೆ ಅಂದರು. ಜೊತೆಗೆ ಬಂದಿದ್ದ ನಾದಿನಿಯ ಮುಖ ಬಿಳುಚಿತು. ನನಗೆ ಮಾತ್ರ ಆ ಡಾಕ್ಟರ ಮೇಲೆ ನಂಬಿಕೆ ಬಂದದ್ದು ಆ ಗಳಿಗೆಯಲ್ಲೇ. ಮೊದಲ ಭೇಟಿಯಲ್ಲೇ ಆಪರೇಷನ್ ತಾರೀಕು ಕೊಡುವವರಿಗಿಂತ ಹೀಗೆ ಹುಡುಕುವವರು ಮೇಲು.

ನರದ ವೇಗ ಅಳೆಯುವ ಟೆಸ್ಟಿನ ಬಗ್ಗೆ ಜನ ಹೆದರಿಸುತ್ತಾರೆ. ಚರ್ಮದ ಮೇಲೆ ಪಟ್ಟಿ ಅಂಟಿಸಿ ಸಣ್ಣ ಶಾಕ್ ಕೊಡುತ್ತಾರೆ, ಬೆರಳು ಕುಣಿಯುತ್ತದೆ, ಅಷ್ಟೇ. ಕೋಣೆಯ ಏಸಿಯಲ್ಲಿ ನನ್ನ ಕೈ ತಣ್ಣಗಾಗಿತ್ತು. ತಣ್ಣನೆ ಕೈಯಲ್ಲಿ ನರ ನಿಧಾನವಾಗಿ ಓಡುತ್ತದೆ, ಲೆಕ್ಕ ತಪ್ಪುತ್ತದೆ ಅಂತ ಟೆಕ್ನಿಷಿಯನ್ ಬಿಸಿನೀರಿನ ಚೀಲ ಇಟ್ಟು ಕಾಯಿಸಿದಳು. ಮೊಣಕೈಯಿಂದ ಕೆಳಗೆ ವೇಗ ಸರಿಯಾಗಿತ್ತು. ಮೊಣಕೈ ದಾಟುವ ಜಾಗದಲ್ಲಿ ಸೆಕೆಂಡಿಗೆ 50 ಮೀಟರಿಗಿಂತ ಕೆಳಗಿದ್ದರೆ, ಅಥವಾ ಕೆಳಗಿನ ಭಾಗಕ್ಕಿಂತ 10 ಮೀಟರಿಗೂ ಹೆಚ್ಚು ಇಳಿದಿದ್ದರೆ ಅಲ್ಲೇ ಒತ್ತಿದೆ ಅಂತ ತಿಳಿಯುತ್ತಾರೆ. ನನ್ನದು ಎರಡೂ ಲೆಕ್ಕದಲ್ಲಿ ಸಿಕ್ಕಿಬಿತ್ತು.

ಆದರೂ ಡಾಕ್ಟರು ಕೂಡಲೇ ಕತ್ತಿ ಹಿಡಿಯಲಿಲ್ಲ. ಸ್ನಾಯು ಇನ್ನೂ ಕರಗಿಲ್ಲ, ಮೊದಲು ನರಕ್ಕೆ ವಿಶ್ರಾಂತಿ ಕೊಟ್ಟು ನೋಡೋಣ ಅಂದರು. ರಾತ್ರಿ ಮೊಣಕೈಗೆ ಟವೆಲ್ ಸುತ್ತಿ ಕ್ರೇಪ್ ಬ್ಯಾಂಡೇಜ್ ಬಿಗಿದರೆ ಕೈ ಪೂರ್ತಿ ಮಡಚುವುದಿಲ್ಲ. ಫೋನಿಗೆ ಇಯರ್‌ಫೋನ್. ಟೇಬಲ್ಲಿನ ಅಂಚಿಗೆ ಫೋಮ್ ಹೊಡೆಸಿದೆ, ಕಾಲುಗಳ ಕೆಳಗೆ ಮರದ ತುಂಡಿಟ್ಟು ಎತ್ತರಿಸಿದೆ. ಹಲವರಿಗೆ ಇಷ್ಟರಲ್ಲೇ ಗುಣವಾಗುತ್ತದೆ. ಜೋಮು ಮಾತ್ರ ಇದ್ದು ಬಲ ಕುಗ್ಗಿಲ್ಲದವರು ಇದನ್ನು ಕೆಲವು ತಿಂಗಳು ಶ್ರದ್ಧೆಯಿಂದ ಮಾಡಿ ನೋಡದೆ ಆಪರೇಷನ್ನಿನ ಮಾತೆತ್ತಬಾರದು ಅನ್ನುವುದು ನನ್ನ ಅಭಿಪ್ರಾಯ.

ನನ್ನ ವಿಷಯದಲ್ಲಿ ವಿಚಿತ್ರ ಆದದ್ದು ಇಲ್ಲೇ. ಚಳಿಗಾಲ ಮುಗಿಯುವ ಹೊತ್ತಿಗೆ ರಾತ್ರಿಯ ಜೋಮು ಬಹಳ ಕಡಿಮೆಯಾಯಿತು. ಮನೆಯವರು ಗುಣವಾಯಿತು ಅಂದುಕೊಂಡರು. ಬಲ ಮಾತ್ರ ಇಳಿಯುತ್ತಲೇ ಇತ್ತು. ನಾನು ನನ್ನದೇ ಅಳತೆ ಇಟ್ಟುಕೊಂಡಿದ್ದೆ. ಅಸ್ತರಿನ ಒಂದು ಪಟ್ಟಿಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಹುಡುಗಿಗೆ ಎಳೆಯಲು ಹೇಳುವುದು, ಮೊದಲು ಎಡಗೈಯಲ್ಲಿ, ಆಮೇಲೆ ಬಲಗೈಯಲ್ಲಿ. ಇನ್ನೊಂದು, ತೋರುಬೆರಳಿನ ಮೇಲೆ ನಡುಬೆರಳನ್ನು ಹೆಣೆಯುವುದು. ಬಲಗೈಯಲ್ಲಿ ಅದು ಆಗದೇ ಹೋಯಿತು. ಚೂಡಿದಾರದ ಜೇಬಿಗೆ ಕೈ ಹಾಕಿದರೆ ಕಿರುಬೆರಳು ಹೊರಗೆ ಚಾಚಿಕೊಂಡು ಸಿಕ್ಕಿಕೊಳ್ಳುತ್ತಿತ್ತು. ಕೊನೆಗೆ ಹೆಬ್ಬೆರಳು, ತೋರುಬೆರಳಿನ ನಡುವೆ ಕೈಯ ಹಿಂಭಾಗದಲ್ಲಿ ಉಬ್ಬಿರಬೇಕಾದ ಮಾಂಸ ಕುಸಿದು ಸಣ್ಣ ಗುಂಡಿ ಬಿತ್ತು. ಎರಡು ಕೈಗಳನ್ನು ಪಕ್ಕಪಕ್ಕ ಟ್ಯೂಬ್‌ಲೈಟಿನಡಿ ಹಿಡಿದಾಗ ಮನೆಯವರೂ ನೋಡಿದರು.

ಎರಡನೇ ಟೆಸ್ಟಿನಲ್ಲಿ ಅದೇ ಸ್ನಾಯುವಿಗೆ ಸೂಜಿ ಚುಚ್ಚಿದರು. ಕೈ ಸುಮ್ಮನಿಟ್ಟಿದ್ದರೂ ಸ್ಪೀಕರಿನಲ್ಲಿ ಪಟಪಟ ಸದ್ದು. ನರದ ಸಂಪರ್ಕ ಕಳೆದುಕೊಂಡ ಸ್ನಾಯು ಹಾಗೆ ತಾನಾಗಿ ಮಿಡಿಯುತ್ತದಂತೆ. ಅಲ್ಲಿಂದ ಮುಂದೆ ನಿರ್ಧಾರ ನನಗೆ ಕಷ್ಟವಾಗಲಿಲ್ಲ.

ಕೇಳಿಕೊಂಡ ಪ್ರಶ್ನೆಗಳನ್ನು ಹೇಳುತ್ತೇನೆ, ಬೇಕಾದವರಿಗೆ ಉಪಯೋಗವಾದೀತು. ಮಾಡಿಸದಿದ್ದರೆ ಏನಾಗುತ್ತದೆ? ಗುಂಡಿ ಆಳವಾಗುತ್ತದೆ, ಕಿರುಬೆರಳು, ಉಂಗುರ ಬೆರಳು ಕೊಕ್ಕೆಯಂತೆ ಬಾಗಬಹುದು. ಮಾಡಿಸಿದರೆ ಏನು ವಾಪಸ್ ಬರುತ್ತದೆ? ಇನ್ನೂ ಕೆಡುವುದು ನಿಲ್ಲುತ್ತದೆ, ಅದು ಮುಖ್ಯ ಲಾಭ. ಬಲ ಎಷ್ಟು ಬರುತ್ತದೆ ಅಂತ ಯಾರೂ ಬರೆದುಕೊಡಲಾರರು. ದೀಪಾವಳಿ ಸೀಸನ್ ಮುಗಿಸಿ ಮಾಡಿಸಲಾ? ಇದಕ್ಕೆ ಅವರು ಲೆಕ್ಕ ಹಾಕಿ ತೋರಿಸಿದರು. ಕೆಟ್ಟ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ನಾನು ಅಲ್ಲೇ ಬ್ಯಾಗಿನಿಂದ ಟೇಪ್ ತೆಗೆದು ಮೊಣಕೈಯಿಂದ ಆ ಗುಂಡಿಯವರೆಗೆ ಅಳೆದೆ. 11 ಇಂಚು, ಅಂದರೆ 28 ಸೆಂಟಿಮೀಟರ್. ಹೆಚ್ಚುಕಡಿಮೆ 280 ದಿನ, ಒಂಬತ್ತು ತಿಂಗಳಿಗೂ ಮೇಲೆ. ಸ್ನಾಯುವಾದರೋ ನರಕ್ಕಾಗಿ ಎಷ್ಟಂತ ಕಾಯುತ್ತದೆ? ವರ್ಷ, ಒಂದೂವರೆ ವರ್ಷ ಕಳೆದರೆ ನರ ತಲುಪಿದರೂ ಅದು ಎದ್ದೇಳುವುದಿಲ್ಲ. ನವರಾತ್ರಿ, ದೀಪಾವಳಿ ಅಂತ ಮುಂದೂಡಿದಷ್ಟೂ ಈ ಕಾಯುವ ಅವಧಿಯಲ್ಲೇ ಕಡಿತ. ಆಷಾಢದಲ್ಲಿ ಮದುವೆ ಬ್ಲೌಸ್‌ಗಳಿರುವುದಿಲ್ಲ, ಅಂಗಡಿ ಹೇಗೂ ತಣ್ಣಗಿರುತ್ತದೆ. ಅದೇ ತಿಂಗಳಿಗೆ ತಾರೀಕು ಹಿಡಿದೆ.

ಇನ್ನೊಬ್ಬರ ಅಭಿಪ್ರಾಯಕ್ಕೂ ಹೋಗಿದ್ದೆ. ಅಲ್ಲಿ ನರವನ್ನು ಎಲುಬಿನ ಹಿಂದಿನಿಂದ ಮುಂದಕ್ಕೆ ಸರಿಸುವ ದೊಡ್ಡ ಆಪರೇಷನ್ನೇ ಬೇಕು ಅಂದರು. ನಮ್ಮ ಡಾಕ್ಟರು ಹೇಳಿದ್ದು, ಸಂದಿಯ ಮೇಲ್ಚಾವಣಿ ಬಿಡಿಸಿದರೆ ಸಾಕು. ಎರಡನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಫಲಿತಾಂಶ ಹೆಚ್ಚುಕಡಿಮೆ ಒಂದೇ, ಸರಿಸುವುದರಲ್ಲಿ ಗಾಯದ ಸೋಂಕು ಜಾಸ್ತಿ. ಬಿಡಿಸಿದ ಮೇಲೆ ಅಲ್ಲೇ ಕೈ ಮಡಚಿ ನೋಡುತ್ತೇನೆ, ನರ ಎಲುಬನ್ನು ದಾಟಿ ಜಿಗಿದರೆ ಮಾತ್ರ ಸರಿಸುತ್ತೇನೆ ಅಂದರು. ಸಹಿ ಎರಡಕ್ಕೂ ಹಾಕಿಸಿಕೊಂಡರು. ಈ ಮಾತು ನನಗೆ ಸರಿ ಅನಿಸಿತು. ಒಳಗೆ ನೋಡುವ ಮೊದಲೇ ದೊಡ್ಡದನ್ನು ಯಾಕೆ ಒಪ್ಪಿಕೊಳ್ಳಬೇಕು?

ಆಪರೇಷನ್ ದಿನದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಕೊರಳೆಲುಬಿನ ಮೇಲೆ ಇಂಜೆಕ್ಷನ್ ಕೊಟ್ಟು ಇಡೀ ಕೈ ಮರಗಟ್ಟಿಸಿದರು, ಎಚ್ಚರವಾಗಿಯೇ ಇದ್ದೆ. ನರ ಜಿಗಿಯಲಿಲ್ಲ, ಸರಿಸಲಿಲ್ಲ. ಸಂಜೆ ಬ್ಯಾಂಡೇಜಿನ ಹೊರಗಿದ್ದ ಬೆರಳುಗಳನ್ನು ಮಡಚಿ ಬಿಡಿಸಲು ಹೇಳಿದರು. ಮೊಣಕೈಯನ್ನೂ ಒಂದೆರಡು ದಿನದಲ್ಲೇ ಮೆಲ್ಲಗೆ ಆಡಿಸಬೇಕು, ಜೋಳಿಗೆಯಲ್ಲಿ ನೇತುಹಾಕಿಕೊಂಡು ಕೂತರೆ ಅಂಟಿಕೊಳ್ಳುತ್ತದೆ. ನರ ಸರಿಸಿದವರಿಗೆ ಲೆಕ್ಕ ಬೇರೆ, ಅವರಿಗೆ ಪಟ್ಟಿ ಕಟ್ಟಿ ಹೆಚ್ಚು ದಿನ ಇಡುತ್ತಾರೆ.

ನಿಜವಾದ ತಲೆನೋವು ಮುಂಬೈ ಮಳೆ. ಬ್ಯಾಂಡೇಜ್ ಒದ್ದೆಯಾಗಬಾರದು, ಹೊರಗೆ ಕಾಲಿಟ್ಟರೆ ಬಚ್ಚಲು. ಹಾಲಿನ ಚೀಲ, ಬ್ರೆಡ್ಡಿನ ಚೀಲ ಯಾವುದೂ ಮೊಣಕೈಗೆ ಹಿಡಿಯಲಿಲ್ಲ, ಕೊನೆಗೆ ಸೀರೆ ಕವರಿನ ಪ್ಲಾಸ್ಟಿಕ್ಕಿನಿಂದ ಎರಡೂ ಕಡೆ ಇಲಾಸ್ಟಿಕ್ ಹಾಕಿ ಒಂದು ತೋಳು ಹೊಲಿಸಿಕೊಂಡೆ. ಡ್ರೆಸಿಂಗಿಗೆ ಹೋಗುವಾಗ ಮಧ್ಯಾಹ್ನದ ಸ್ಲೋ ಲೋಕಲ್, ಕಿಟಕಿ ಬದಿ ಬಲಗೈ. ಬೆಳಗಿನ ಫಾಸ್ಟ್ ಗಾಡಿಯ ನೂಕುನುಗ್ಗಲಿನಲ್ಲಿ ಹೊಲಿಗೆ ಇರುವ ಮೊಣಕೈ ಒಯ್ಯುವುದು ಹುಚ್ಚುತನ. ಎರಡು ವಾರದ ಸುಮಾರಿಗೆ ಹೊಲಿಗೆ ಬಿಚ್ಚಿದರು.

ಉಳಿದಿದ್ದ ರಾತ್ರಿಯ ಜೋಮು ಮೊದಲ ವಾರದಲ್ಲೇ ಹೋಯಿತು. ಅದರ ಬದಲಿಗೆ ಗಾಯದ ಹಿಂದೆ ಅಂಗೈಯಗಲ ಚರ್ಮಕ್ಕೆ ಸ್ಪರ್ಶವಿಲ್ಲ. ಅಲ್ಲಿ ಅಡ್ಡ ಹಾಯುವ ಸಣ್ಣ ಚರ್ಮದ ನರಗಳಿಗೆ ಪೆಟ್ಟಾಗಬಹುದು ಅಂತ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಗಾಯ ಮಾಗಿದ ಮೇಲೆ ತೆಂಗಿನೆಣ್ಣೆ ಹಚ್ಚಿ ತಿಕ್ಕುತ್ತಿದ್ದೆ. ಈಗ ಅದು ರೂಪಾಯಿ ನಾಣ್ಯದಷ್ಟಾಗಿದೆ.

ರಬ್ಬರ್ ಚೆಂಡು ಹಿಸುಕು ಅಂತ ಹೇಳದವರೇ ಇಲ್ಲ. ಹತ್ತಿರದ ಒಂದು ಫಿಸಿಯೋ ಸೆಂಟರಿನಲ್ಲೂ ಅದನ್ನೇ ಕೊಟ್ಟರು. ಚೆಂಡು ಹಿಸುಕುವುದು ಬಹುಪಾಲು ಮುಂಗೈಯ ಸ್ನಾಯುಗಳು, ನನ್ನಲ್ಲಿ ಅವು ಮೊದಲೇ ಚೆನ್ನಾಗಿದ್ದವು. ಸೋತದ್ದು ಬೆರಳನ್ನು ಅಗಲಿಸುವ, ಕೂಡಿಸುವ ಸಣ್ಣ ಸ್ನಾಯುಗಳು. ಬೇರೊಬ್ಬ ಫಿಸಿಯೋ ಬೆರಳುಗಳ ಸುತ್ತ ರಬ್ಬರ್ ಬ್ಯಾಂಡ್ ಹಾಕಿ ಅಗಲಿಸುವುದು, ಬೆರಳ ಸಂದಿಯಲ್ಲಿ ಕಾಗದ ಹಿಡಿಯುವುದು ಕಲಿಸಿದಳು. ನರವನ್ನು ಸಂದಿಯಲ್ಲಿ ಮೆಲ್ಲಗೆ ಜಾರಿಸುವ ವ್ಯಾಯಾಮವನ್ನೂ ಕಲಿಸಿ, ಜುಮ್ಮೆನ್ನುವವರೆಗೆ ಎಳೆಯಬೇಡ ಅಂತ ಎಚ್ಚರಿಸಿದಳು.

ಆಮೇಲೆ ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. ಈ ಭಾಗಕ್ಕೆ ಮನಸ್ಸು ಗಟ್ಟಿ ಬೇಕು. ಪ್ರತಿ ಭೇಟಿಯಲ್ಲಿ ಡಾಕ್ಟರು ಮುಂಗೈ ಮೇಲೆ ಬೆರಳಿನಿಂದ ತಟ್ಟುತ್ತಾ ಬರುತ್ತಿದ್ದರು, ಎಲ್ಲಿ ಕಿರುಬೆರಳಿಗೆ ಕರೆಂಟ್ ಹೊಡೆದಂತಾಗುತ್ತದೋ ಅಲ್ಲಿಯವರೆಗೆ ನರ ಬೆಳೆದು ಬಂದಿದೆ ಅಂತ ಲೆಕ್ಕ. ಮನೆಗೆ ಬಂದು ಅದನ್ನು ಹೊಲಿಗೆಯ ಚಾಕಿನಿಂದ ಗುರುತು ಹಾಕಿ, ಟೇಪ್ ಹಿಡಿದು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಕೈಯಲ್ಲಿ ಬಲ ಬರದಿದ್ದರೂ ಇಂಚುಗಳು ಮುಂದೆ ಹೋಗುತ್ತಿದ್ದವು. ಕಳೆದ ನವರಾತ್ರಿಗೆ ಕಟಿಂಗ್ ಹೊರಗೆ ಕೊಟ್ಟೆ, ಲಾಭವೆಲ್ಲ ಅಲ್ಲಿಗೇ ಹೋಯಿತು. ಈ ವರ್ಷ ಬೇಸಿಗೆಯ ಹೊತ್ತಿಗೆ ಅಸ್ತರಿನ ಪಟ್ಟಿ ಎಳೆದರೆ ಹುಡುಗಿ ಸ್ವಲ್ಪ ಜೋರು ಹಾಕಬೇಕಾಯಿತು.

ಈಗಿನ ಸ್ಥಿತಿ ಹೀಗಿದೆ. ಗುಂಡಿ ಅರ್ಧ ತುಂಬಿದೆ. ನಡುಬೆರಳು ತೋರುಬೆರಳ ಮೇಲೆ ಹೆಣೆಯುತ್ತದೆ, ನಿಧಾನಕ್ಕೆ. ಕಿರುಬೆರಳ ತುದಿಗೆ ಹತ್ತಿಬಟ್ಟೆ, ರೇಷ್ಮೆಯ ವ್ಯತ್ಯಾಸ ತಿಳಿಯುತ್ತದೆ, ಸೂಜಿಯ ಮೊನೆ ಇನ್ನೂ ಮಂದ. ಕಾಟನ್, ರೇಷ್ಮೆ ನಾನೇ ಕತ್ತರಿಸುತ್ತೇನೆ, ಜಾರ್ಜೆಟ್ಟಿಗೆ ಕ್ಲಿಪ್ ಹಾಕಿಕೊಳ್ಳುತ್ತೇನೆ. ಹುಕ್ಕು, ಕಾಜಾ ಈಗಲೂ ಪಕ್ಕದ ಬಿಲ್ಡಿಂಗಿನ ಒಬ್ಬರಿಗೆ ಕೊಡುತ್ತಿದ್ದೇನೆ, ಸದ್ಯಕ್ಕೆ ವಾಪಸ್ ತೆಗೆದುಕೊಳ್ಳುವ ಯೋಚನೆಯಿಲ್ಲ. ಮುಂದಿನ ಟೆಸ್ಟ್ ದೀಪಾವಳಿ ಮುಗಿದ ಮೇಲೆ. ಎಡಗೈಯನ್ನೂ ಅದರ ಜೊತೆಗೇ ನೋಡಿಸುತ್ತೇನೆ. ಅದರಲ್ಲಿ ಜೋಮು ಇಲ್ಲ, ಆದರೂ ರಾತ್ರಿ ಟವೆಲ್ ಈಗ ಆ ಮೊಣಕೈಗೆ.