ಡ್ರಮ್ ಗುಂಯ್ ಅನ್ನುತ್ತಿದೆಯೇ? ಟೇಪ್ ಆಮೇಲೆ, ಮೊದಲು ಕೀ ಹಿಡಿಯಿರಿ

ಡ್ರಮ್ ಸೆಟ್ಟಿನ ಟಾಮ್‌ಗೆ (ತಂತಿಯಿಲ್ಲದ, ದಪ್ಪ ಸದ್ದಿನ ಡ್ರಮ್) ಒಂದು ಏಟು ಕೊಟ್ಟರೆ 'ಧಮ್' ಅಂದು ಸುಮ್ಮನಾಗಬೇಕು. ಅದು 'ಧಮ್ಮ್ಂಯ್ಯ್' ಎಂದು ಎಳೆಯುತ್ತಲೇ ಇರುತ್ತದೆ. ಸ್ನೇರ್ (ತಳದಲ್ಲಿ ಲೋಹದ ತಂತಿಗಳಿರುವ ಡ್ರಮ್) ಬಾರಿಸಿದರೆ ಕೊನೆಗೊಂದು ತಟ್ಟೆ ಬಿದ್ದ ಹಾಗೆ 'ಠಣ್'. ಇನ್ನು ಕೆಲವೊಮ್ಮೆ ಯಾರೂ ಮುಟ್ಟದಿದ್ದರೂ ಸ್ನೇರ್ ತಾನೇ 'ಜರ್ರ್' ಅನ್ನುತ್ತದೆ. ಡ್ರಮ್ ಸೆಟ್ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಕಾಟ ಇದು.

ನಾನೂ ಶುರುವಿನಲ್ಲಿ ಟೇಪಿನ ಸುರುಳಿ ತಂದೇ ಕೂತಿದ್ದೆ. ಒಂದು ಪಟ್ಟಿ ಅಂಟಿಸಿದೆ, ಸಾಲಲಿಲ್ಲ. ಇನ್ನೊಂದು, ಮತ್ತೊಂದು. ಸಂಜೆ ಹೊತ್ತಿಗೆ ಪ್ರತಿ ಡ್ರಮ್ಮೂ ರಟ್ಟಿನ ಡಬ್ಬದ ಹಾಗೆ ಸದ್ದು ಮಾಡುತ್ತಿತ್ತು. ಗುಂಯ್ ಹೋಯಿತು, ಜೊತೆಗೆ ಡ್ರಮ್ಮೂ ಹೋಯಿತು. ಎಲ್ಲ ಕಿತ್ತು ನೋಡಿದರೆ ಚಿಕ್ಕ ಟಾಮ್‌ನ ಒಂದೇ ಒಂದು ರಾಡ್, ಅಂದರೆ ಬಾರಿಸುವ ಹಾಳೆಯನ್ನು ಬಿಗಿಯುವ ತಿರುಪು, ಸಡಿಲವಾಗಿತ್ತು. ಅದನ್ನು ಬಿಗಿ ಮಾಡಲು ಅರ್ಧ ನಿಮಿಷ. ಟೇಪಿನ ಅಂಟು ತೆಗೆಯಲು ಅರ್ಧ ದಿನ.

ಮೊದಲು ಕಳ್ಳನನ್ನು ಹಿಡಿಯಿರಿ

ಇಡೀ ಸೆಟ್ಟನ್ನು ಒಟ್ಟಿಗೆ ಬಾರಿಸುತ್ತಾ ಯಾವುದು ಗುಂಯ್ ಅನ್ನುತ್ತಿದೆ ಎಂದು ಹುಡುಕಿದರೆ ಸಿಗುವುದಿಲ್ಲ. ಸ್ನೇರ್ ತಂತಿಗಳನ್ನು ಆಫ್ ಮಾಡಿ. ಒಂದೊಂದೇ ಡ್ರಮ್ ಬಾರಿಸಿ, ಬಾರಿಸುವಾಗ ಉಳಿದವುಗಳ ಮೇಲೆ ಯಾರಾದರೂ ಕೈ ಇಟ್ಟಿರಲಿ. ಸದ್ದು ಡ್ರಮ್ಮಿನದೋ, ಸ್ಟ್ಯಾಂಡಿನದೋ, ಕೋಣೆಯದೋ ಎಂದು ಆಗ ಗೊತ್ತಾಗುತ್ತದೆ. ರೆಕ್ಕೆ ನಟ್ಟು ಸಡಿಲವಿದ್ದರೂ, ಸಿಂಬಲ್ ಕೆಳಗಿನ ಫೆಲ್ಟ್ ಸವೆದಿದ್ದರೂ ಇಂಥದ್ದೇ ಸದ್ದು ಬರುತ್ತದೆ. ಹಳೇ ಡ್ರಮ್ಮುಗಳ ಲಗ್ (ರಾಡ್ ಕೂರುವ ಲೋಹದ ಗೂಡು) ಒಳಗೆ ಪುಟ್ಟ ಸ್ಪ್ರಿಂಗ್ ಇರುತ್ತದೆ, ಅದು ಅದುರುತ್ತಿದ್ದರೆ ಲಗ್ ಬಿಚ್ಚಿ ಒಳಗೆ ಸ್ವಲ್ಪ ಹತ್ತಿ ತುರುಕಿದರೆ ಮುಗಿಯಿತು.

ಗುಂಯ್ ಎಲ್ಲಿಂದ ಬರುತ್ತದೆ?

ಇದನ್ನು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಡ್ರಮ್ಮಿನ ಹೆಡ್, ಅಂದರೆ ಬಾರಿಸುವ ಹಾಳೆ, ಒಂದೇ ಥರ ಅದುರುವುದಿಲ್ಲ. ಇಡೀ ಹೆಡ್ ಒಟ್ಟಿಗೆ ಮೇಲೆ ಕೆಳಗೆ ಆಡಿದಾಗ ಬರುವುದು ಮೂಲ ಸ್ವರ, ನಮಗೆ ಬೇಕಾದ 'ಧಮ್'. ಅದೇ ಹೊತ್ತಿಗೆ ಹೆಡ್ಡಿನ ಅರ್ಧ ಏರಿದರೆ ಇನ್ನರ್ಧ ಇಳಿಯುತ್ತಾ ಏತದ ಹಾಗೆ ತೂಗುತ್ತಿರುತ್ತದೆ. ಆ ಕಂಪನದ ವೇಗ ಮೂಲ ಸ್ವರದ 1.59 ಪಟ್ಟು. ನಾಲ್ಕು ಪಾಲಾಗಿ ಅದುರಿದರೆ 2.14 ಪಟ್ಟು. ಇದು ಪುಸ್ತಕದ ಲೆಕ್ಕ, ಒಳಗಿನ ಗಾಳಿ ಮತ್ತು ಕೆಳಗಿನ ಹೆಡ್ ಸೇರಿದರೆ ಸ್ವಲ್ಪ ಆಚೀಚೆ ಆಗುತ್ತದೆ. ತಂತಿ ವಾದ್ಯದಲ್ಲಿ ಇವು ಹೆಚ್ಚುಕಡಿಮೆ 2, 3, 4 ಪಟ್ಟು ಇರುವುದರಿಂದ ಎಲ್ಲ ಬೆರೆತು ಒಂದೇ ಸ್ವರವಾಗಿ ಕೇಳುತ್ತದೆ. ಡ್ರಮ್ಮಿನಲ್ಲಿ ಲೆಕ್ಕ ಹೊಂದುವುದಿಲ್ಲ. ಹಾಗಾಗಿ ಮೇಲಿನ ಸ್ವರಗಳು ಬೆರೆಯದೆ ಬೇರೆಯಾಗಿ ನಿಂತು ಕಿವಿಗೆ ಚುಚ್ಚುತ್ತವೆ.

ಹೀಗೆ ಮಾಡಿ ನೋಡಿ. ಹೆಡ್ಡಿನ ಸರಿಯಾಗಿ ನಡುವೆ ಹೊಡೆಯಿರಿ, ಗುಂಯ್ ಕಡಿಮೆ. ಅಂಚಿಗೆ ಹೊಡೆಯಿರಿ, ಜಾಸ್ತಿ. ಈಗ ಅಂಚಿನ ಹತ್ತಿರ ಒಂದು ಬೆರಳನ್ನು ಹಗುರವಾಗಿ ಇಟ್ಟು ನಡುವೆ ಹೊಡೆಯಿರಿ. ಗುಂಯ್ ಕರಗುತ್ತದೆ, 'ಧಮ್' ಹಾಗೇ ಉಳಿಯುತ್ತದೆ. ಟೇಪನ್ನು ನಡುವೆ ಹಾಕದೆ ಅಂಚಿಗೆ ಹಾಕುವುದು ಇದಕ್ಕೇ.

ಶ್ರುತಿ ಸರಿಮಾಡುವುದು

ಮುಕ್ಕಾಲು ಪಾಲು ಸಮಸ್ಯೆ ಇಲ್ಲೇ ಮುಗಿಯುತ್ತದೆ ಎಂಬುದು ನನ್ನ ಅನುಭವ. ಅದಕ್ಕೇ ಇಲ್ಲಿ ಅವಸರ ಬೇಡ.

ಹೆಡ್ ಬಿಚ್ಚಿ. ಕೋಲಿನ ಏಟಿಗೆ ಗುಳಿ ಬಿದ್ದಿದ್ದರೆ ಅದಕ್ಕೆ ಎಷ್ಟು ಶ್ರುತಿ ಮಾಡಿದರೂ ಸುಖವಿಲ್ಲ, ಬದಲಿಸಿ. ಹೆಡ್ ಕೂರುವ ಮರದ ಅಂಚಿನ ಮೇಲೆ ಬೆರಳು ಸುತ್ತಿಸಿ ನೋಡಿ, ಧೂಳಿದ್ದರೆ ಒರೆಸಿ. ಚಕ್ಕೆ ಎದ್ದಿದ್ದರೆ ಅದು ಬಡಗಿಯ ಕೆಲಸ, ನಾವು ಉಜ್ಜಲು ಹೋಗಬಾರದು. ಹೆಡ್, ಅದನ್ನು ಒತ್ತಿ ಹಿಡಿಯುವ ಬಳೆ ಅಥವಾ ಹೂಪ್ ಇಟ್ಟು ಎಲ್ಲ ರಾಡ್‌ಗಳನ್ನೂ ಬೆರಳಲ್ಲಿ ಆದಷ್ಟು ತಿರುಗಿಸಿ. ಆಮೇಲೆ ಕೀ (ರಾಡ್ ತಿರುಗಿಸುವ ಪುಟ್ಟ ಸಾಧನ) ಹಿಡಿದು ಒಂದಕ್ಕೆ ಅರ್ಧ ಸುತ್ತು, ತಕ್ಷಣ ಅದರ ಎದುರಿನದಕ್ಕೆ ಅರ್ಧ ಸುತ್ತು. ಪಕ್ಕದಿಂದ ಪಕ್ಕಕ್ಕೆ ಹೋದರೆ ಹೆಡ್ ಒಂದು ಕಡೆಗೆ ಎಳೆದುಕೊಳ್ಳುತ್ತದೆ.

ಸುಕ್ಕು ಹೋದ ಮೇಲೆ ಕಿವಿಗೆ ಕೆಲಸ. ಹೆಡ್ಡಿನ ನಡುವೆ ಒಂದು ಬೆರಳು ಹಗುರವಾಗಿ ಇಡಿ. ಪ್ರತಿ ರಾಡಿನಿಂದ ಎರಡೂವರೆ ಸೆಂಟಿಮೀಟರ್ ಒಳಗೆ ಕೋಲಿನ ತುದಿಯಿಂದ ಮೆಲ್ಲಗೆ ತಟ್ಟಿ. ಟಿಣ್, ಟಿಣ್, ಟಿಣ್, ಟುಣ್. ಆ 'ಟುಣ್' ಅಂದವನೇ ಸಡಿಲ. ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ ಮತ್ತೆ ತಟ್ಟಿ. ಯಾವುದಾದರೂ ಮೇಲೆ ಹೋಗಿದ್ದರೆ ಸುಮ್ನೆ ಇಳಿಸಿ ಬಿಡಬೇಡಿ. ಬೇಕಾದ್ದಕ್ಕಿಂತ ಕೆಳಗಿಳಿಸಿ, ಮತ್ತೆ ಮೇಲಕ್ಕೆ ತನ್ನಿ. ಇಳಿಸಿ ನಿಲ್ಲಿಸಿದ ರಾಡ್ ನಾಲ್ಕು ಏಟಿಗೆ ಇನ್ನಷ್ಟು ಜಾರುತ್ತದೆ. ಡ್ರಮ್ 'ವಾಂವ್ ವಾಂವ್' ಎಂದು ತೂಗಾಡುತ್ತಿದ್ದರೆ ಎಲ್ಲೋ ಎರಡು ಸ್ವರಗಳು ಹತ್ತಿರವಿದ್ದೂ ಒಂದಾಗಿಲ್ಲ ಎಂದರ್ಥ.

ಕೆಳಗಿನ ಹೆಡ್ಡನ್ನು ಮರೆಯುವವರೇ ಜಾಸ್ತಿ. ಎಷ್ಟು ಹೊತ್ತು ಎಳೆಯಬೇಕು ಎಂದು ತೀರ್ಮಾನಿಸುವುದರಲ್ಲಿ ಅದರ ಕೈ ದೊಡ್ಡದು. ಎರಡೂ ಒಂದೇ ಶ್ರುತಿಯಲ್ಲಿದ್ದರೆ ನಾದ ಉದ್ದ. ಒಂದನ್ನು ಸ್ವಲ್ಪ ಏರಿಸಿದರೆ ಅಥವಾ ಇಳಿಸಿದರೆ ಗಿಡ್ಡ. ನಾನು ಟಾಮ್‌ಗಳಲ್ಲಿ ಕೆಳಗಿನದನ್ನು ಒಂಚೂರು ಮೇಲಿಡುತ್ತೇನೆ.

ಹೆಡ್ ಬದಲಿಸುವ ಹಾಗಿದ್ದರೆ

ಒಂದೇ ಪದರದ ತೆಳು ಹೆಡ್ ಹೆಚ್ಚು ಗುಂಯ್ ಅನ್ನುತ್ತದೆ. ಸಾಮಾನ್ಯವಾಗಿ ಅದರ ದಪ್ಪ 10 ಮಿಲ್, ಅಂದರೆ ಇಂಚಿನ ಸಾವಿರದಲ್ಲಿ 10 ಭಾಗ. 7 ಮಿಲ್‌ನ ಎರಡು ಪದರ ಸೇರಿಸಿದ ಹೆಡ್ ಬೇಗ ಸುಮ್ಮನಾಗುತ್ತದೆ, ಪದರಗಳ ನಡುವೆ ಎಣ್ಣೆ ಇರುವಂಥದ್ದು ಇನ್ನೂ ಬೇಗ. ಬಿಳಿ ಲೇಪನದ ಹೆಡ್ ಪಾರದರ್ಶಕ ಹೆಡ್ಡಿಗಿಂತ ಸ್ವಲ್ಪ ಮೆತ್ತಗೆ.

ಈಗ ಟೇಪ್

ಇಷ್ಟೆಲ್ಲ ಆದ ಮೇಲೂ ಉಳಿದರೆ ಟೇಪಿಗೆ ಕೈ ಹಾಕಿ. ಚಿಕ್ಕದರಿಂದ ಶುರುಮಾಡಿ. ಹೆಬ್ಬೆಟ್ಟಿನಷ್ಟು ಜೆಲ್ (ಅಂಟಿಕೊಳ್ಳುವ ಮೆತ್ತನೆಯ ವಸ್ತು) ತುಂಡು, ಅಂಚಿನ ಹತ್ತಿರ, ಕೋಲು ಬೀಳದ ಕಡೆ. ಜೆಲ್ ಇಲ್ಲದಿದ್ದರೆ ಬಟ್ಟೆಯ ಟೇಪ್. ನನಗೆ ಇಷ್ಟವಾದ ಉಪಾಯ ಇನ್ನೊಂದಿದೆ. ಟಿಶ್ಯೂ ಕಾಗದವನ್ನು ಚೌಕವಾಗಿ ಮಡಚಿ, ಒಂದೇ ಅಂಚಿಗೆ ಟೇಪ್ ಹಾಕಿ. ಹೊಡೆದಾಗ ಕಾಗದ ಚಂಗನೆ ಎದ್ದು ಡ್ರಮ್ಮಿಗೆ ಉಸಿರಾಡಲು ಬಿಡುತ್ತದೆ, ಮರುಕ್ಷಣ ಬಿದ್ದು ಬಾಯಿ ಮುಚ್ಚಿಸುತ್ತದೆ. ಬೀಟಲ್ಸ್‌ನ ರಿಂಗೋ ಸ್ಟಾರ್ ತಂಡದ ಕೊನೆಯ ವರ್ಷಗಳ ರೆಕಾರ್ಡಿಂಗ್‌ಗಳಲ್ಲಿ ಡ್ರಮ್ಮುಗಳ ಮೇಲೆ ಪಾತ್ರೆ ಒರೆಸುವ ಬಟ್ಟೆಯನ್ನೇ ಹೊದಿಸುತ್ತಿದ್ದರು. ಆ ದಪ್ಪನೆಯ ಸದ್ದು ಬೇಕಿದ್ದರೆ ಅದೂ ಸರಿ, ಆದರೆ ಅದು ಬೇರೆಯದೇ ರುಚಿ.

ಬಾಸ್ ಡ್ರಮ್ಮಿಗೆ ಒಂದು ತೆಳು ಹೊದಿಕೆ ಮಡಚಿ ಒಳಗಿಡಿ, ಪೆಡಲ್ ಕಡೆಯ ಹೆಡ್ಡಿಗೆ ಬರೀ ತಾಗುವಷ್ಟು. ದಿಂಬು ತುಂಬಿಸಿದರೆ ಬಾಗಿಲು ತಟ್ಟಿದ ಹಾಗೆ ಕೇಳುತ್ತದೆ.

ಮುಟ್ಟದೆಯೇ ಗೊಣಗುವ ಸ್ನೇರ್

ಇದು ಗುಂಯ್ ಅಲ್ಲ, ಅನುಕಂಪ! ಟಾಮ್‌ನ ಸ್ವರ ಸ್ನೇರಿನ ಸ್ವರಕ್ಕೆ ಹತ್ತಿರವಿದ್ದರೆ ಗಾಳಿಯಲ್ಲೇ ಅದು ಸ್ನೇರನ್ನು ಅದುರಿಸುತ್ತದೆ, ತಂತಿಗಳು ಜರ್ರ್ ಅನ್ನುತ್ತವೆ. ತಂತಿ ಆನ್ ಮಾಡಿ ಒಂದೊಂದೇ ಟಾಮ್ ಬಾರಿಸಿ, ಯಾವುದು ಕೆಣಕುತ್ತಿದೆ ಎಂದು ಕೇಳಿಸಿಕೊಳ್ಳಿ. ಆ ಟಾಮನ್ನು ಅರ್ಧ ಸ್ವರದಷ್ಟು ಸರಿಸಿ. ಆಗಲಿಲ್ಲ ಅಂದರೆ ಸ್ನೇರಿನ ಕೆಳಗಿನ ಹೆಡ್ಡಿನಲ್ಲಿ, ತಂತಿಯ ಎರಡೂ ತುದಿಗಳ ಅಕ್ಕಪಕ್ಕದ ನಾಲ್ಕು ರಾಡ್‌ಗಳನ್ನು ಸ್ವಲ್ಪ ಸಡಿಲಿಸಿ. ತಂತಿಯನ್ನೇ ಬಿಗಿ ಮಾಡುತ್ತಾ ಹೋಗಬೇಡಿ, ಸ್ನೇರಿನ ಕತ್ತು ಹಿಸುಕಿದ ಹಾಗಾಗುತ್ತದೆ. ಪೂರ್ತಿ ನಿಲ್ಲಿಸಲು ಆಗುವುದಿಲ್ಲ, ನಿಲ್ಲಿಸಬೇಕಾಗಿಯೂ ಇಲ್ಲ.

ಕೋಣೆ, ದೂರ, ಕಿವಿ

ಚಪ್ಪಾಳೆ ತಟ್ಟಿ ನೋಡಿ. 'ಟರ್ರ್' ಎಂದು ಬಾಲ ಬಂದರೆ ಎದುರುಬದುರು ಗೋಡೆಗಳು ಸದ್ದನ್ನು ಎಸೆದಾಡುತ್ತಿವೆ. ಅಂಥ ಕಡೆ ಡ್ರಮ್ಮನ್ನು ಬೈದು ಏನು ಬಂತು? ಕೆಳಗೊಂದು ದಪ್ಪ ಜಮಖಾನ, ಒಂದು ಗೋಡೆಗೆ ದಪ್ಪ ಪರದೆ ಹಾಕಿ.

ಕೊನೆಗೆ ಸ್ನೇಹಿತರನ್ನು ಕೂರಿಸಿ ಬಾರಿಸಲು ಹೇಳಿ, ನೀವು ಹದಿನೈದು ಅಡಿ ದೂರ ಹೋಗಿ ನಿಲ್ಲಿ. ಗಿಟಾರ್, ಬಾಸ್ ಗಿಟಾರ್ ಜೊತೆಗಿದ್ದರೆ ಇನ್ನೂ ಒಳ್ಳೆಯದು. ನಾನು ಹೀಗೆ ಮೊದಲ ಸಲ ನಿಂತಾಗ ಸ್ನೇರ್ ಮೇಲೆ ಎರಡು ಜೆಲ್ ತುಂಡುಗಳಿದ್ದವು. ಸ್ಟೂಲ್ ಮೇಲೆ ಕೂತಾಗ ಕಾಡುತ್ತಿದ್ದ 'ಠಣ್' ಅಲ್ಲಿಗೆ ಕೇಳಿಸಲೇ ಇಲ್ಲ, ಬದಲಿಗೆ ಸ್ನೇರ್ ಸಪ್ಪೆಯಾಗಿತ್ತು. ವಾಪಸ್ ಬಂದು ಒಂದು ತುಂಡು ಕಿತ್ತು ಹೈ-ಹ್ಯಾಟ್ (ಪೆಡಲಿನಿಂದ ಬಡಿಯುವ ಜೋಡಿ ಸಿಂಬಲ್) ಸ್ಟ್ಯಾಂಡಿನ ಕಾಲಿಗೆ ಅಂಟಿಸಿದೆ. ಇವತ್ತಿಗೂ ಅದು ಅಲ್ಲೇ ಇದೆ.